ಗಂಡು ಬೆಕ್ಕು ತಿಣುಕುತ್ತಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ

ಮಾನ್ಯ ಸಂಪಾದಕರೇ,

ಹೋದ ತಿಂಗಳು ನಮ್ಮ ಮನೆಯ ಗಂಡು ಬೆಕ್ಕು ಸಾಯುವ ಹಂತಕ್ಕೆ ಹೋಗಿತ್ತು, ನಾವೆಲ್ಲ ಮನೆಯಲ್ಲೇ ಇದ್ದರೂ ನಮಗೆ ಗೊತ್ತೇ ಆಗಲಿಲ್ಲ. ಶನಿವಾರ ಸಂಜೆಯಿಂದ ಮರಳಿನ ಟ್ರೇಗೆ ಹೋಗುವುದು, ಕೂರುವುದು, ಸುಮ್ನೆ ಎದ್ದು ಬರುವುದು, ಐದು ನಿಮಿಷಕ್ಕೆ ಮತ್ತೆ ಹೋಗುವುದು. ರಾತ್ರಿ ಬಚ್ಚಲಿನ ತಣ್ಣನೆ ನೆಲದ ಮೇಲೆ ಬೆನ್ನು ಗೂನು ಮಾಡಿಕೊಂಡು ಕೂತು ತಿಣುಕುತ್ತಿತ್ತು, ಬಾಲದ ಬುಡ ನಡುಗುತ್ತಿತ್ತು, ಅದುವರೆಗೆ ಕೇಳದ ದನಿಯಲ್ಲಿ ಕೂಗುತ್ತಿತ್ತು. ಹೊಟ್ಟೆ ಕಟ್ಟಿರಬೇಕು ಅಂದರು ಅಮ್ಮ. ಸೋಮವಾರ ತೋರಿಸೋಣ ಅಂತ ಮಲಗಿಬಿಟ್ಟೆವು. ಭಾನುವಾರ ಬೆಳಿಗ್ಗೆ ವಾಂತಿ ಮಾಡಿಕೊಂಡು ಬಿದ್ದಿತ್ತು, ಕರೆದರೆ ತಲೆಯನ್ನೂ ಎತ್ತಲಿಲ್ಲ.

ಡಾಕ್ಟರು ಹೊಟ್ಟೆ ಮುಟ್ಟಿದ ಕೂಡಲೇ, ಇದು ಮಲದ ತೊಂದರೆ ಅಲ್ಲ, ಉಚ್ಚೆ ಕಟ್ಟಿದೆ ಅಂದರು. ನನ್ನ ಬೆರಳನ್ನೂ ಮೆಲ್ಲಗೆ ಇಡಿಸಿದರು. ಒಳಗೆ ಮೂಸಂಬಿಯಷ್ಟು ದೊಡ್ಡ ಗಟ್ಟಿ ಉಂಡೆ. ಅದು ತುಂಬಿ ಬಿಗಿದ ಮೂತ್ರಕೋಶ.

ಗಂಡು ಬೆಕ್ಕಿನ ಮೂತ್ರನಾಳ ತುದಿಯಲ್ಲಿ ತುಂಬಾ ಸಣ್ಣದು, ಹರಳಿನ ಪುಡಿ ಅಥವಾ ಲೋಳೆ ಸಿಕ್ಕಿಕೊಂಡರೆ ಮುಚ್ಚಿಯೇ ಹೋಗುತ್ತದೆ. ಹೆಣ್ಣು ಬೆಕ್ಕಿಗೆ ಹೀಗಾಗುವುದು ಅಪರೂಪ. ಮುಚ್ಚಿದ ಮೇಲೆ ಹೊರಗೆ ಹೋಗಬೇಕಾದ ವಿಷವೆಲ್ಲ ರಕ್ತದಲ್ಲೇ ಉಳಿಯುತ್ತದೆ, ಪೊಟ್ಯಾಸಿಯಂ ಏರುತ್ತದೆ, ಹೃದಯ ನಿಲ್ಲುವ ಅಪಾಯ ಇರುತ್ತದೆ. ಒಂದೆರಡು ದಿನದಲ್ಲೇ ಜೀವ ಹೋಗಬಹುದು. ಹಾಗಾಗಿ ಪದೇ ಪದೇ ಟ್ರೇಗೆ ಹೋಗಿಯೂ ಮರಳು ಒಣಗಿದ್ದರೆ, ಒಂದು ಹನಿ ರಕ್ತ ಬಿದ್ದಿದ್ದರೆ, ಹಿಂಭಾಗವನ್ನೇ ನೆಕ್ಕುತ್ತಿದ್ದರೆ ಆ ರಾತ್ರಿಯೇ ಹೊರಡಿ. ಮನೆಯಲ್ಲಿ ಹೊಟ್ಟೆ ಒತ್ತಲು ಹೋಗಬೇಡಿ, ಮೂತ್ರಕೋಶ ಒಡೆಯಬಹುದು. ನೋವಿಗೆ ಅಂತ ನಮ್ಮ ಪ್ಯಾರಸಿಟಮಾಲ್ ಅಂತೂ ಕೊಡಲೇಬೇಡಿ, ಬೆಕ್ಕಿಗೆ ಒಂದೇ ಮಾತ್ರೆ ಸಾಕು, ಸತ್ತುಹೋಗಬಹುದು.

ಬೆಕ್ಕು ನೋವನ್ನು ಮುಚ್ಚಿಡುವ ಪ್ರಾಣಿ. ಅದು ಬಾಯಿಬಿಟ್ಟು ಕೂಗುವ ಹೊತ್ತಿಗೆ ತಡವಾಗಿರುತ್ತದೆ, ಅಲ್ವಾ? ನಮ್ಮದಕ್ಕೆ ಮತ್ತು ಬರಿಸಿ ನಳಿಗೆ ಹಾಕಿ ಉಚ್ಚೆ ತೆಗೆದರು. ಮೂರು ದಿನ ಡ್ರಿಪ್ ಹಾಕಿದ್ದರು. ಬದುಕಿತು.

ಆದರೆ ಆ ಭಾನುವಾರ ತೆರೆದಿರುವ ಒಂದು ಕ್ಲಿನಿಕ್ ಹುಡುಕಲು ಏಳು ಕಡೆ ಫೋನ್ ಮಾಡಬೇಕಾಯಿತು. ನಿಮ್ಮ ಪತ್ರಿಕೆಯ ಸ್ಥಳೀಯ ಪುಟದಲ್ಲಿ ಪ್ರತಿ ಶನಿವಾರ, ಮರುದಿನ ಮತ್ತು ರಾತ್ರಿ ಹೊತ್ತು ಸಿಗುವ ಪಶುವೈದ್ಯರ ನಂಬರ್ ಹಾಕಲು ಆಗುತ್ತದೆಯೇ? ನಾಲ್ಕೇ ಸಾಲಿನ ಜಾಗ ಸಾಕು.

– ಒಬ್ಬ ಓದುಗ, ಶಿವಮೊಗ್ಗ