ಹತ್ತು ನಿಮಿಷ ಎಲ್ಲಿ ಹೋಯಿತು?

ಪ್ರೀತಿಯ ಗೆಳೆಯ,

ನಿನ್ನ ಪತ್ರ ತಲುಪಿತು. ಕೊಲೆಗಾರ ಯಾರೆಂದು ಗೊತ್ತಾದ ಮೇಲೆ ಪತ್ತೇದಾರಿ ಕಾದಂಬರಿ ರದ್ದಿಗೆ ಸಮ, ಕೋಟಿಗಟ್ಟಲೆ ಸುರಿದು ತೆಗೆದ ಸಿನಿಮಾಗಳಲ್ಲಂತೂ ಗೊತ್ತಾಗಲಿಕ್ಕೇ ಏನೂ ಇರುವುದಿಲ್ಲ ಎಂದು ಬರೆದಿದ್ದೀಯ. ಎರಡು ದಿನದಿಂದ ಅದೇ ಮಾತು ತಲೆ ಕೊರೆಯುತ್ತಿದೆ. ಎರಡನ್ನೂ ಮನಸಾರೆ ಮೆಚ್ಚಿಕೊಂಡವನು ನಾನು, ಸುಮ್ಮನಿರಲಾಗಲಿಲ್ಲ.

ಅಗಾಥಾ ಕ್ರಿಸ್ಟಿಯ ಪತ್ತೇದಾರಿ ಕಾದಂಬರಿ 'ದಿ ಮರ್ಡರ್ ಆಫ್ ರೋಜರ್ ಆಕ್ರಾಯ್ಡ್' ಬಂದದ್ದು 1926ರಲ್ಲಿ. ನಾನದನ್ನು ಮೂರು ಸಲ ಓದಿದ್ದೇನೆ. ಮೊದಲ ಸಲ ಪೂರ್ತಿ ಮೋಸಹೋದೆ. ಕೊನೆಯ ಪುಟ ಮುಗಿದಾಗ ಸಿಟ್ಟು ಬಂದುಬಿಟ್ಟಿತು. ಇದು ಅನ್ಯಾಯ, ಎಲ್ಲೋ ಸುಳ್ಳು ಹೇಳಿರಲೇಬೇಕು ಎಂದು ಹಟ ಹಿಡಿದು ನಾಲ್ಕನೇ ಅಧ್ಯಾಯಕ್ಕೆ ವಾಪಸ್ ಹೋದೆ. ಅಲ್ಲಿ, ತೀರಾ ಸಾಧಾರಣ ಮಾತಿನಲ್ಲಿ, ಎರಡು ಸಮಯ ಹೇಳಿದೆ. ಕೊಲೆಯಾಗಲಿರುವ ಆಕ್ರಾಯ್ಡ್‌ಗೆ ಕಾಗದ ಬಂದದ್ದು ಒಂಬತ್ತಕ್ಕೆ ಇಪ್ಪತ್ತು ನಿಮಿಷ ಇರುವಾಗ. ಜೊತೆಗಿದ್ದವರು ಅವನ ಕೋಣೆಯಿಂದ ಹೊರಟದ್ದು ಒಂಬತ್ತಕ್ಕೆ ಹತ್ತು ನಿಮಿಷ ಇರುವಾಗ. ನಡುವಿನ ಹತ್ತು ನಿಮಿಷ ಎಲ್ಲಿ ಹೋಯಿತು? ನಾನು ಕೇಳಿಕೊಂಡಿರಲೇ ಇಲ್ಲ. ಗಡಿಯಾರ ನೋಡಿ ಯಾರೋ ಹೇಳಿದ ಹಾಗಿದ್ದ ಆ ಮಾತನ್ನು ಕಣ್ಣು ದಾಟಿಸಿಕೊಂಡು ಮುಂದೆ ಹೋಗಿದ್ದೆ. ಆಕೆ ಒಂದಕ್ಷರ ಸುಳ್ಳು ಬರೆದಿಲ್ಲ ಕಣೋ! ಬಚ್ಚಿಟ್ಟದ್ದನ್ನೂ ಬಯಲಲ್ಲೇ ಇಟ್ಟಿದ್ದಾಳೆ. ಕೊಲೆಗಾರನ ಹೆಸರು ಹೇಳುವುದಿಲ್ಲ, ಪುಸ್ತಕ ಓದದವರ ಕಣ್ಣಿಗೂ ಈ ಪತ್ರ ಬೀಳಬಹುದು. ಎರಡನೇ ಓದಿನಲ್ಲಿ ನನಗೆ ಸಿಕ್ಕಿದ ಸಂತೋಷ ಮೊದಲನೆಯದರಲ್ಲಿ ಸಿಕ್ಕಿರಲಿಲ್ಲ.

ಮೂರು ವರ್ಷದ ನಂತರ, 1929ರಲ್ಲಿ, ರೊನಾಲ್ಡ್ ನಾಕ್ಸ್ ಎಂಬ ಪಾದ್ರಿ ಪತ್ತೇದಾರಿ ಕಥೆಗೆ ಹತ್ತು ನಿಯಮ ಬರೆದಿಟ್ಟ. ಅವನೂ ಇಂಥ ಕಾದಂಬರಿಗಳನ್ನು ಬರೆಯುತ್ತಿದ್ದವನೇ. ಪತ್ತೇದಾರನಿಗೆ ಸಿಕ್ಕ ಸುಳಿವು ಆಗಲೇ ಓದುಗನ ಕಣ್ಣಿಗೂ ಬೀಳಬೇಕು. ಮುನ್ಸೂಚನೆ ಇಲ್ಲದೆ ಅವಳಿ ಸಹೋದರರನ್ನು ತಂದು ನಿಲ್ಲಿಸಬಾರದು. ಎಷ್ಟು ಸರಳ! ಕಳೆದ ತಿಂಗಳು ನಾವಿಬ್ಬರೂ ನೋಡಿದ ಆ ಚಿತ್ರ ನೆನಪಿದೆಯಲ್ಲ, ಕೊನೆಯ ಹತ್ತು ನಿಮಿಷದಲ್ಲಿ ಅಲ್ಲಿಯವರೆಗೆ ಒಮ್ಮೆಯೂ ತೋರಿಸದ ದೃಶ್ಯಗಳನ್ನು ಫ್ಲ್ಯಾಷ್‌ಬ್ಯಾಕ್ ಎಂದು ತುರುಕಿದ್ದರು. ನೀನು ಅದಕ್ಕೆ ಟ್ವಿಸ್ಟ್ ಅಂದೆ. ಆವತ್ತು ವಾದ ಮಾಡಲಿಲ್ಲ, ಈಗ ಹೇಳುತ್ತೇನೆ: ಅದು ನಮ್ಮಿಂದ ಕದ್ದ ಎರಡು ಗಂಟೆ.

ಹಾಗಂತ ದೊಡ್ಡ ಚಿತ್ರಗಳನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗಬೇಡ. 1975ರ 'ಜಾಸ್' ತೆಗೆದುಕೋ. ಬ್ಲಾಕ್‌ಬಸ್ಟರ್ ಅಂದರೆ ಇಂದಿಗೂ ಮೊದಲು ನೆನಪಾಗುವ ಹೆಸರು. ಯಂತ್ರದ ಶಾರ್ಕ್ ಸಮುದ್ರದ ನೀರಿನಲ್ಲಿ ಪದೇಪದೇ ಕೆಟ್ಟು ನಿಂತು, ನಿರ್ದೇಶಕ ಸ್ಪೀಲ್‌ಬರ್ಗ್ ಅದನ್ನು ಹೆಚ್ಚು ತೋರಿಸುವ ಹಾಗೇ ಇರಲಿಲ್ಲ. ಹಾಗಾಗಿ ಚಿತ್ರದ ಬಹುಪಾಲು ನಮ್ಮ ಪಾಲಿಗೆ ಶಾರ್ಕ್ ಅಂದರೆ ಸಂಗೀತ ಕೊಟ್ಟ ಜಾನ್ ವಿಲಿಯಮ್ಸ್‌ನ ಎರಡು ಸ್ವರ, ಅದಕ್ಕೆ ಸಿಕ್ಕಿಸಿ ನೀರಿನ ಮೇಲೆ ಎಳೆದಾಡುವ ಹಳದಿ ಪೀಪಾಯಿ, ಅಷ್ಟೇ.

ಆ ಎರಡು ಸ್ವರವನ್ನು ಗಮನವಿಟ್ಟು ಕೇಳು. ಸಮುದ್ರತೀರದಲ್ಲಿ ಜನ ಕಿಕ್ಕಿರಿದಿದ್ದಾಗ ನೀರಲ್ಲೊಂದು ಶಾರ್ಕ್‌ನ ಬೆನ್ನಿನ ರೆಕ್ಕೆ ಕಾಣುತ್ತದೆ. ಎಲ್ಲರೂ ಕಿರುಚಿಕೊಂಡು ದಡಕ್ಕೆ ಓಡುತ್ತಾರೆ. ಆದರೆ ಆ ಸಂಗೀತ ಕೇಳಿಸುವುದಿಲ್ಲ. ಸ್ವಲ್ಪ ಹೊತ್ತಿಗೆ ಅದು ಇಬ್ಬರು ಹುಡುಗರ ರಟ್ಟಿನ ರೆಕ್ಕೆ ಎಂದು ತಿಳಿಯುತ್ತದೆ. ಸಂಗೀತವಿಲ್ಲದಿದ್ದರೆ ಶಾರ್ಕ್ ಇಲ್ಲ: ಸುಳಿವು ಕಿವಿಯಲ್ಲೇ ಇತ್ತು, ಕ್ರಿಸ್ಟಿಯ ಹತ್ತು ನಿಮಿಷದ ಹಾಗೆ. ನಮಗೆ ಗೊತ್ತಿಲ್ಲದೆಯೇ ಆ ನಿಯಮ ಕಲಿತುಬಿಡುತ್ತೇವೆ. ಆಮೇಲೆ ದೋಣಿಯ ದೃಶ್ಯ. ಪೊಲೀಸ್ ಮುಖ್ಯಸ್ಥ ಗೊಣಗುತ್ತಾ, ನೀರಿನ ಕಡೆ ನೋಡದೆ, ಮೀನಿನ ಚೂರುಗಳನ್ನು ಮೊಗೆದು ಎಸೆಯುತ್ತಿರುತ್ತಾನೆ. ಸಂಗೀತವಿಲ್ಲ, ಮೈಮನಸ್ಸು ಸಡಿಲಾಗಿರುತ್ತದೆ. ಸದ್ದೇ ಇಲ್ಲದೆ ಅವನ ಬೆನ್ನ ಹಿಂದೆ ಆ ಬಾಯಿ ಮೇಲೇಳುತ್ತದೆ! ಎಷ್ಟು ಸಲ ನೋಡಿದರೂ ಅಲ್ಲಿ ನನ್ನ ಎದೆ ಧಸಕ್ಕೆನ್ನುತ್ತದೆ. ಏನಾಗುತ್ತದೆಂದು ಗೊತ್ತಿದ್ದೂ, ಗೆಳೆಯ.

ಇದನ್ನು ಹೆದರಿಸುವ ಗಿಮಿಕ್ ಅನ್ನಲು ನನಗೆ ಬಾಯಿ ಬರುವುದಿಲ್ಲ. ನಿಯಮ ಕಲಿಸಿದವನಿಗೆ ಮಾತ್ರ ಅದನ್ನು ಮುರಿಯುವ ಹಕ್ಕಿದೆ. ಕ್ರಿಸ್ಟಿಯೂ ಅಷ್ಟೇ ಮಾಡಿದ್ದು, ಕಾಗದದ ಮೇಲೆ. ಪುಸ್ತಕದಲ್ಲಿ ನಾವು ಬೇಕೆಂದಾಗ ಪುಟ ತಿರುವಿ ಹಿಂದೆ ಹೋಗಬಹುದು, ಆದ್ದರಿಂದ ಆಕೆ ಇನ್ನೂ ಹೆಚ್ಚು ಎಚ್ಚರವಾಗಿರಬೇಕಿತ್ತು. ನನ್ನ ಕೇಳಿದರೆ ಅವಳದೇ ಒಂದು ತೂಕ ಹೆಚ್ಚು.

ನೀನು ಅರ್ಧಕ್ಕೆ ಮುಚ್ಚಿಟ್ಟೆ ಎಂದ ಆ ಕಾದಂಬರಿ ಇದೇ ತಾನೆ? ಮುಗಿಸು. ಮುಗಿದ ರಾತ್ರಿಯೇ ನಾಲ್ಕನೇ ಅಧ್ಯಾಯ ಮತ್ತೊಮ್ಮೆ ಓದು. ಆ ಎರಡು ಸಮಯ ಕಣ್ಣಿಗೆ ಬಿದ್ದ ಕೂಡಲೇ ನನಗೆ ಬರೆ, ಸರಿರಾತ್ರಿಯಾಗಿದ್ದರೂ ಸರಿ, ಎದ್ದು ಓದುತ್ತೇನೆ.

ನಿನ್ನವ