ಸಾಲ ತೀರಿಸಲು ಸಾಲ: ನಮ್ಮ ಬಿಲ್ ಹಣ ಮೊದಲು ಯಾರಿಗೆ?

ಮಾನ್ಯ ಸಂಪಾದಕರೇ,

ವಿದ್ಯುತ್ ವಿತರಣಾ ಕಂಪನಿಗಳ ಹಳೆ ಸಾಲ ತೀರಿಸಲು ನಾಲ್ಕಾರು ಬ್ಯಾಂಕುಗಳು ಸೇರಿ ಹೊಸ ಸಾಲ ಕೊಡುವ ಸುದ್ದಿ ಆಗಾಗ ವಾಣಿಜ್ಯ ಪುಟದಲ್ಲಿ ಬರುತ್ತದೆ. ಕರೆಂಟ್ ಬಿಲ್ ಕಟ್ಟುವ ನಾವು ಅದನ್ನು ದಾಟಿ ಮುಂದೆ ಹೋಗುತ್ತೇವೆ. ಹಾಗೆ ಹೋಗಬಾರದು. ಬ್ಯಾಂಕಿನ ಸಾಲ ವಿಭಾಗದಲ್ಲಿ ದುಡಿದು ನಿವೃತ್ತನಾದ ನನಗೆ ಇದು ನಮ್ಮೆಲ್ಲರ ಜೇಬಿನ ವಿಷಯ ಅಂತ ಚೆನ್ನಾಗಿ ಗೊತ್ತು.

ಇಂಥ ಸಾಲ ಹೇಗೆ ನಡೆಯುತ್ತದೆ ಎಂದು ಮೊದಲು ಹೇಳುತ್ತೇನೆ. ಮೊತ್ತ ದೊಡ್ಡದು, ಒಂದೇ ಬ್ಯಾಂಕು ಅಷ್ಟು ಅಪಾಯ ಹೊರಲು ಒಪ್ಪುವುದಿಲ್ಲ. ಒಂದು ಮುಂಚೂಣಿ ಬ್ಯಾಂಕು ಲೆಕ್ಕಪತ್ರ ನೋಡಿ, ಷರತ್ತು ಬರೆದು, ಉಳಿದ ಬ್ಯಾಂಕುಗಳಿಗೆ ಪಾಲು ಹಂಚುತ್ತದೆ. ಎಲ್ಲರಿಗೂ ಒಂದೇ ಒಪ್ಪಂದ. ಸಾಮಾನ್ಯವಾಗಿ ರಾಜ್ಯ ಸರ್ಕಾರದ ಖಾತರಿ ಕೇಳುತ್ತಾರೆ. ಅದರ ಜೊತೆಗೆ ಎಸ್ಕ್ರೋ ಖಾತೆ. ಅಂದರೆ ಗ್ರಾಹಕರ ಬಿಲ್ ಹಣ ಒಂದು ಖಾತೆಗೆ ಬೀಳುತ್ತದೆ. ಅಲ್ಲಿಂದ ಯಾರಿಗೆ ಮೊದಲು, ಯಾರಿಗೆ ಆಮೇಲೆ ಎಂಬ ಸರದಿ ಒಪ್ಪಂದದಲ್ಲೇ ಬರೆದಿರುತ್ತದೆ. ಕಂತು ಬಾಕಿ ಬಿದ್ದರೆ ಬ್ಯಾಂಕು ಆ ಖಾತೆಯಿಂದಲೇ ತನ್ನ ಹಣ ತೆಗೆದುಕೊಳ್ಳಬಹುದು.

ನನ್ನ ಚಿಂತೆ ಇರುವುದು ಈ ಸರದಿಯ ಬಗ್ಗೆಯೇ. ಬ್ಯಾಂಕಿನ ಕಂತು ಮುಂದೆ ನಿಲ್ಲುತ್ತದೆ. ವಿದ್ಯುತ್ ಮಾರಿದ ಉತ್ಪಾದನಾ ಕಂಪನಿಗಳೂ ಮುಂದೆ ನಿಲ್ಲುತ್ತವೆ. ಅವರ ಬಾಕಿ ತೀರಿಸದಿದ್ದರೆ ವಿದ್ಯುತ್ ಕಡಿತ ಮಾಡಲು 2022ರ ಕೇಂದ್ರದ ನಿಯಮಗಳಲ್ಲಿ ಅವಕಾಶವಿದೆ. ನೌಕರರ ಸಂಬಳ ನಿಲ್ಲಿಸಲು ಆಗುವುದಿಲ್ಲ, ನಿಲ್ಲಿಸಲೂಬಾರದು. ಕೊನೆಗೆ ಉಳಿಯುವುದು ದುರಸ್ತಿ ಕೆಲಸ. ಟ್ರಾನ್ಸ್‌ಫಾರ್ಮರ್, ತಂತಿ, ಕಂಬ, ಎಣ್ಣೆ. ಹಣ ಸಾಲದಿದ್ದಾಗ ಮೊದಲು ಕೈಬಿಡುವುದು ಇದನ್ನೇ. ಏಕೆಂದರೆ ಟ್ರಾನ್ಸ್‌ಫಾರ್ಮರ್ ನೋಟಿಸ್ ಕೊಡುವುದಿಲ್ಲ, ಕೋರ್ಟಿಗೂ ಹೋಗುವುದಿಲ್ಲ. ಬೇಸಿಗೆಯಲ್ಲಿ ಸುಟ್ಟು ಹೋಗುತ್ತದೆ, ಅಷ್ಟೇ. ಆಗ ಅಫಜಲಪುರದ ಕಬ್ಬು ಒಣಗುತ್ತದೆ, ಕಲಬುರಗಿಯ ಬೇಳೆ ಮಿಲ್ ನಿಲ್ಲುತ್ತದೆ, ಯಾದಗಿರಿಯ ಹಳ್ಳಿಯಲ್ಲಿ ಕುಡಿಯುವ ನೀರಿನ ಮೋಟಾರ್ ಓಡುವುದಿಲ್ಲ.

ಸಾಲ ಬದಲಾಯಿಸುವುದೇ ತಪ್ಪು ಎನ್ನುವವನು ನಾನಲ್ಲ. ಜಾಸ್ತಿ ಬಡ್ಡಿಯ ಸಾಲ ತೀರಿಸಿ ಕಡಿಮೆ ಬಡ್ಡಿಗೆ ಹೋಗುವುದು ಜಾಣತನ. ಆದರೆ ಬಡ್ಡಿ ದರ ಒಂದನ್ನೇ ನೋಡಿದರೆ ಮೋಸ ಹೋಗುತ್ತೇವೆ, ಅವಧಿಯನ್ನೂ ನೋಡಬೇಕು. ಒಂದು ಉದಾಹರಣೆ ಲೆಕ್ಕ ಹಾಕೋಣ. 100 ಕೋಟಿ ಸಾಲವನ್ನು ಶೇ 10ರ ಬಡ್ಡಿಗೆ 7 ವರ್ಷದ ಸಮಾನ ಕಂತುಗಳಲ್ಲಿ ತೀರಿಸಿದರೆ ವರ್ಷಕ್ಕೆ ಸುಮಾರು 20.5 ಕೋಟಿ ಕಟ್ಟಬೇಕು, ಒಟ್ಟು ಬಡ್ಡಿ ಸುಮಾರು 44 ಕೋಟಿ. ಅದೇ ಸಾಲವನ್ನು ಶೇ 9ಕ್ಕೆ ಇಳಿಸಿ 12 ವರ್ಷಕ್ಕೆ ಎಳೆದರೆ ವರ್ಷದ ಕಂತು 14 ಕೋಟಿಗೆ ಬರುತ್ತದೆ. ಕೇಳಲು ಹಿತ. ಆದರೆ ಒಟ್ಟು ಬಡ್ಡಿ 67 ಕೋಟಿ ದಾಟುತ್ತದೆ. ಮುಂಚೂಣಿ ಬ್ಯಾಂಕಿನ ಶುಲ್ಕ, ಹಳೆ ಸಾಲ ಅವಧಿಗೆ ಮುನ್ನ ತೀರಿಸಿದ್ದಕ್ಕೆ ದಂಡ ಇದ್ದರೆ ಅದು, ಇವೆಲ್ಲ ಬೇರೆ. ಈ ಬಡ್ಡಿಯಲ್ಲಿ ಕರ್ನಾಟಕ ವಿದ್ಯುತ್ ನಿಯಂತ್ರಣ ಆಯೋಗ ಒಪ್ಪಿದಷ್ಟು ಭಾಗ ನಮ್ಮ ಯೂನಿಟ್ ದರಕ್ಕೇ ಸೇರುತ್ತದೆ. ಕಂತು ಇಳಿದು ಉಳಿಯುವ ಹಣವಾದರೂ ತಂತಿ, ಟ್ರಾನ್ಸ್‌ಫಾರ್ಮರ್‌ಗೆ ಹೋಗಬೇಕಲ್ವಾ?

ಸಾಲ ಬೆಳೆಯುವ ಕಾರಣವನ್ನು ಮುಟ್ಟದೆ ಸಾಲವನ್ನು ಮಾತ್ರ ಬದಲಾಯಿಸಿದರೆ ಏನಾಗುತ್ತದೆ ಎಂದು ದೇಶ ಒಮ್ಮೆ ನೋಡಿದೆ. 2015ರ ನವೆಂಬರ್‌ನಲ್ಲಿ ಬಂದ ಕೇಂದ್ರದ ಉದಯ್ ಯೋಜನೆಯಲ್ಲಿ ವಿತರಣಾ ಕಂಪನಿಗಳ ಸಾಲದ ಶೇ 75ರಷ್ಟನ್ನು ರಾಜ್ಯಗಳು ವಹಿಸಿಕೊಳ್ಳಲು ಅವಕಾಶ ಇತ್ತು. ಹಲವು ರಾಜ್ಯಗಳು ವಹಿಸಿಕೊಂಡವು. 2020ರಲ್ಲಿ ಕೊರೊನಾ ಬಂದಾಗ ಕೇಂದ್ರ ಮತ್ತೆ 90,000 ಕೋಟಿ ರೂಪಾಯಿ ಸಾಲದ ಯೋಜನೆ ಪ್ರಕಟಿಸಬೇಕಾಯಿತು.

ನಮ್ಮ ರಾಜ್ಯದಲ್ಲಿ 10 ಎಚ್‌ಪಿವರೆಗಿನ ರೈತರ ಪಂಪ್‌ಸೆಟ್‌ಗೆ ಉಚಿತ ವಿದ್ಯುತ್ ಇದೆ. 2023ರಿಂದ ಗೃಹಜ್ಯೋತಿ ಇದೆ. ಎರಡೂ ಇರಲಿ. ಮಳೆ ನಂಬಿಕೊಂಡ ನಮ್ಮ ಭಾಗದ ರೈತನಿಗೆ ಉಚಿತ ವಿದ್ಯುತ್ ಬೇಡ ಅನ್ನಲು ನನಗೆ ಮನಸ್ಸಿಲ್ಲ. ಆದರೆ ಸರ್ಕಾರ ಸಹಾಯಧನ ಘೋಷಿಸಿದರೆ ಆ ಹಣವನ್ನು ಕಂಪನಿಗೆ ಮುಂಗಡವಾಗಿ ಕಟ್ಟಬೇಕು ಎಂದು 2003ರ ವಿದ್ಯುತ್ ಕಾಯ್ದೆಯ 65ನೇ ಸೆಕ್ಷನ್ ಸ್ಪಷ್ಟವಾಗಿ ಹೇಳುತ್ತದೆ. ಹಣ ತಡವಾದಷ್ಟು ದಿನ ಕಂಪನಿ ಬ್ಯಾಂಕಿನಿಂದ ತಂದು ನಡೆಸಬೇಕು. ಪಂಚಾಯಿತಿ, ನಗರಸಭೆಗಳ ಬೀದಿದೀಪ ಮತ್ತು ನೀರಿನ ಬಿಲ್ ಬಾಕಿಯದ್ದೂ ಇದೇ ಕತೆ. ಸರ್ಕಾರ ತಡ ಮಾಡಿದ್ದಕ್ಕೆ ಬಡ್ಡಿ ಕಟ್ಟುವವರು ಸರಿಯಾಗಿ ಬಿಲ್ ಕಟ್ಟಿದ ಗ್ರಾಹಕರಾಗಬಾರದು.

ನಮ್ಮ ಭಾಗದ ವಿತರಣಾ ಕಂಪನಿ ಜೆಸ್ಕಾಂ 2002ರ ಜೂನ್‌ನಿಂದ ಕಲಬುರಗಿಯಲ್ಲಿ ಕೇಂದ್ರ ಕಚೇರಿ ಇಟ್ಟುಕೊಂಡು ಬೀದರ್‌ನಿಂದ ಬಳ್ಳಾರಿವರೆಗೆ ಕರೆಂಟ್ ಕೊಡುತ್ತಿದೆ. ಅದರ ದರ ಅರ್ಜಿ ಮೇಲೆ ಆಯೋಗ ಸಾರ್ವಜನಿಕ ವಿಚಾರಣೆ ನಡೆಸುತ್ತದೆ, ಯಾರು ಬೇಕಾದರೂ ಲಿಖಿತ ಆಕ್ಷೇಪ ಕೊಡಬಹುದು. ಅಲ್ಲಿ ಹೆಚ್ಚಿನವರು ಯೂನಿಟ್‌ಗೆ ಎಷ್ಟು ಪೈಸೆ ಏರುತ್ತದೆ ಎಂದಷ್ಟೇ ಕೇಳುತ್ತಾರೆ. ಈ ಸಲ ಸಾಲದ ಬಗ್ಗೆಯೂ ಕೇಳೋಣ. ಯಾವ ಸಾಲ ಬದಲಾಯಿಸಿದರೂ ಹಳೆ ಮತ್ತು ಹೊಸ ಸಾಲದ ಒಟ್ಟು ಬಡ್ಡಿ, ಅವಧಿ, ಶುಲ್ಕಗಳನ್ನು ಅಕ್ಕಪಕ್ಕ ಇಟ್ಟು ಕನ್ನಡದಲ್ಲಿ ಪ್ರಕಟಿಸಲಿ. ಅದೂ ಸಹಿ ಹಾಕುವ ಮೊದಲು. ಎಸ್ಕ್ರೋ ಖಾತೆಯ ಸರದಿಯಲ್ಲಿ ದುರಸ್ತಿಗೆ ಪ್ರತಿ ತಿಂಗಳು ಇಷ್ಟು ಹಣ ಎಂದು ಎತ್ತಿಡುವ ಷರತ್ತು ಬರೆಯಲಿ. ಬ್ಯಾಂಕುಗಳು ಇದಕ್ಕೆ ಒಪ್ಪುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ತಂತಿ ಸರಿಯಿದ್ದರೆ ತಾನೇ ಕರೆಂಟ್ ಹರಿಯುವುದು, ಬಿಲ್ ವಸೂಲಾಗುವುದು, ಬ್ಯಾಂಕಿಗೆ ಕಂತು ಬರುವುದು? ರೈತ ಸಂಘದವರು, ಬೇಳೆ ಮಿಲ್‌ನವರು, ವಾಣಿಜ್ಯ ಸಂಸ್ಥೆಯವರು ಮುಂದಿನ ವಿಚಾರಣೆಗೆ ಈ ಎರಡು ಬೇಡಿಕೆಗಳನ್ನು ಬರೆದುಕೊಂಡೇ ಬರಬೇಕೆಂದು ಕೋರುತ್ತೇನೆ.

– ನಿವೃತ್ತ ಬ್ಯಾಂಕ್ ಉದ್ಯೋಗಿ, ಕಲಬುರಗಿ