ಗದಗಿನ ಗೆಳೆಯಾಗ: ಆ ರಬ್ಬರ್ ಮುಖದ ಡಿವಿಡಿ ತಗೊಳ್ಳೂಕಿಂತ ಮೊದಲ

ದೋಸ್ತಾ,

ತಗೊಳ್ಳಬೇಕಂತ ನೀ ಕಳಿಸಿದ ದೆವ್ವದ ಸಿನಿಮಾ ಡಿಸ್ಕಿನ ಯಾದಿ ಪೂರಾ ಓದಿದೆ. ಉತ್ತರ ನಿನಗೊಬ್ಬಗ ಬರಿಯೂ ಬದಲು ಇಲ್ಲೆ ಎಲ್ಲಾರ ಮುಂದ ಇಡಾಕತ್ತೀನಿ, ಯಾಕಂದ್ರ ಯಾವುದು ತಗೋಬೇಕು, ಹೆಂಗ ಕಾಯಬೇಕು ಅಂತ ಬ್ಯಾರೆ ಮಂದೀನೂ ಕೇಳ್ಯಾರ. ಓದಾವರಿಗೆ ಒಂದು ವಿನಂತಿ: ನಡುವ ‘ಕುಂಬಳಕಾಯಿ’ ಅಂತ ಬಂದ್ರ ಏನದು ಅಂತ ಕೇಳಬ್ಯಾಡ್ರಿ, ಅದು ನಮ್ಮಿಬ್ಬರದು.

ಯಾದಿಯ ಮೊದಲನೇ ಹೆಸರಿಗೇ ನಿನ್ನ ಜೋಡಿ ತಕರಾರು ಐತಿ. ಅಮೆರಿಕದ ದೆವ್ವದ ಸಿನಿಮಾ ‘ಈವಿಲ್ ಡೆಡ್’ನ 2002ರ ‘ಬುಕ್ ಆಫ್ ದಿ ಡೆಡ್’ ಡಿವಿಡಿ. ಆಸೆ ಯಾಕ ಅಂತ ನನಗ ಗೊತ್ತು. ಸಿನಿಮಾದಾಗಿನ ಚರ್ಮದ ಪುಸ್ತಕ ಮಾಡಿದ ಟಾಮ್ ಸಲಿವನ್ನನ ಕೈಯಾಗನ ಈ ಡಬ್ಬಿಯ ಮುಖಾನೂ ತಯಾರಾಗೇತಿ. ಆಂಕರ್ ಬೇ ಕಂಪನಿ ಅದಕ್ಕ ರಬ್ಬರಿನ ಹೊದಿಕಿ ಹಾಕಿ ಬಿಟ್ಟಿತು. ಪುಟ ತಿರುವಿದ್ರ ಅವನ ಚಿತ್ರ, ಅದರ ಜೋಡಿ ಡಿಸ್ಕ್. ಆದ್ರ ಮಾರಾವರ ಫೋಟೋದಾಗ ಕಾಣಲಾರದ್ದು ಒಂದೈತಿ: ಆ ರಬ್ಬರಿಗೆ ಮುಪ್ಪು ಬರ್ತೈತಿ. ಬಿಸಿಲು, ಸೆಕೆ, ಕೈಯಿನ ಎಣ್ಣಿ, ಗಾಳಿಯೊಳಗಿನ ಓಝೋನ್, ಎಲ್ಲಾ ಕೂಡಿ ಮೊದಲ ಅದನ್ನ ಬ್ಯಾಸಿಗ್ಯಾಗಿನ ಬೆಲ್ಲದಂಗ ಅಂಟಂಟು ಮಾಡ್ತಾವ, ಆಮ್ಯಾಲೆ ಗಟ್ಟಿ ಮಾಡಿ ಸೀಳಸ್ತಾವ. ಸೀಳು ಬಿಡೂದು ಬೆನ್ನಿನ ಮಡಿಕ್ಯಾಗ ಮೊದಲ, ಆಮ್ಯಾಲೆ ಉಬ್ಬಿದ ಮೂಗು, ತುಟಿ ಕಡೆ.

ಅದಕ್ಕ ರೊಕ್ಕ ಕೊಡೂಕಿಂತ ಮೊದಲ ಫೋಟೋ ಬ್ಯಾಡ, ವಿಡಿಯೋ ಕೇಳು. ಹೊದಿಕಿ ನಿಧಾನಕ್ಕ ತಗದು ಮುಚ್ಚಿ ತೋರಸ್ಲಿ. ಮುಖದ ಮ್ಯಾಲೆ ಒಂದು ಬಿಳಿ ಹಾಳಿ ಒತ್ತಿ, ಒಂದು ನಿಮಿಷ ಬಿಟ್ಟು ಎತ್ತಲಿ. ಹಾಳಿ ಅಂಟಿ ಎದ್ರ ಬಿಟ್ಟುಬಿಡು, ಎಷ್ಟ ಸಸ್ತಾ ಇದ್ರೂ. ಚಲೋದು ಸಿಕ್ಕಿತು ಅಂದ್ರ ಪ್ಲಾಸ್ಟಿಕ್ ಚೀಲದಾಗ ಕಟ್ಟಿ ಇಡಬ್ಯಾಡ. ಬೇಕರ್‍ಯಾಗ ಬಳಸೂ ಸಿಲಿಕೋನ್ ಲೇಪದ ಬಟರ್ ಪೇಪರಿನ್ಯಾಗ ಸಡಿಲ ಸುತ್ತು, ಅಡ್ಡ ಮಲಗಿಸು, ಮ್ಯಾಲೆ ಏನೂ ಹೇರಬ್ಯಾಡ. ಎರಡನೇ ಭಾಗದ 2005ರ ಡಬ್ಬೀನೂ ನಿನ್ನ ಯಾದ್ಯಾಗ ಐತಿ, ಕಣ್ಣು ಒತ್ತಿದ್ರ ಕಿರುಚೂದು. ಅದರೊಳಗ ಬ್ಯಾಟರಿ ಐತಿ. ಹಳೇ ಬ್ಯಾಟರಿ ಸೋರಿದ್ರ ತಂತಿ, ಅದರ ಬಾಜೂ ಹಾಳಿ, ಎರಡೂ ತಿಂದು ಹಾಕ್ತೈತಿ. ಕಿರುಚೂದು ನಿಂತೈತಿ ಅಂತ ಮಾರಾವರು ಹೇಳಿದ್ರ ಅದು ಬರೇ ಸೆಲ್ಲಿನ ಮಾತೋ, ಸೋರಿದ ಸೆಲ್ಲಿನ ಮಾತೋ, ಬಿಚ್ಚಿ ನೋಡಲಾರದ ತಗೋಬ್ಯಾಡ.

ಡಬ್ಬಿಗಿಂತ ದೊಡ್ಡ ಮಾತು ಕಟ್‌ನದು, ಅಂದ್ರ ಸಿನಿಮಾ ಕತ್ತರಿಸಿ ಜೋಡಿಸಿದ ಪ್ರತಿ ಯಾವುದು ಅನ್ನೂದು. ಒಂದ ಸಿನಿಮಾ, ಬ್ಯಾರೆ ಬ್ಯಾರೆ ಉದ್ದ. ‘ಈವಿಲ್ ಡೆಡ್’ನ ಮೂರನೇ ಭಾಗ ‘ಆರ್ಮಿ ಆಫ್ ಡಾರ್ಕ್‌ನೆಸ್’ ಅಮೆರಿಕದ ಟಾಕೀಜಿನ್ಯಾಗ 81 ನಿಮಿಷ, ಬ್ಯಾರೆ ದೇಶಕ್ಕ ಹೋಗಿದ್ದು 88, ನಿರ್ದೇಶಕರ ಕಟ್ 96. 81ರಾಗ ನಾಯಕ ಅಂಗಡ್ಯಾಗ ಬಂದು ಮುಗೀತೈತಿ. 96ರಾಗ ಹೆಚ್ಚು ನಿದ್ದಿ ಮಾಡಿ, ಜಗತ್ತು ಹಾಳಾದ ಮ್ಯಾಲೆ ಏಳ್ತಾನ. ಎರಡೂ ಬೇಕು, ಒಂದರ ಬದಲಿ ಇನ್ನೊಂದು ಆಗಂಗಿಲ್ಲ. ಪೀಟರ್ ಜಾಕ್ಸನ್ನನ ‘ಬ್ರೈನ್‌ಡೆಡ್’ (1992) ನ್ಯೂಜಿಲೆಂಡಿನ್ಯಾಗ 104 ನಿಮಿಷ. ಅಮೆರಿಕದಾಗ ‘ಡೆಡ್ ಅಲೈವ್’ ಅಂತ ಹೆಸರು ಬದಲಾಗಿ ಬಂದದ್ದು 97; ಅಲ್ಲಿನ ಆರ್ ಸರ್ಟಿಫಿಕೇಟಿಗೆ (ಸಣ್ಣವರು ದೊಡ್ಡವರ ಜೋಡಿನ ನೋಡಬೇಕು ಅನ್ನೂದು) ಕತ್ತರಿಸಿದ್ದು 85. ಹುಲ್ಲು ಕತ್ತರಿಸೂ ಮಷೀನಿನ ಸೀನು ಸಣ್ಣಗ ಮಾಡಿದ ಪ್ರತಿ ಯಾರಿಗೆ ಬೇಕಾಗೇತಿ? 85 ಅಂತ ಕಂಡ್ರ ಡಬ್ಬಿ ಎಷ್ಟ ಛಂದ ಇದ್ರೂ ಮುಂದ ಹೋಗು.

ಹಂಗಂತ ಉದ್ದ ಇದ್ದದ್ದೆಲ್ಲಾ ಚಲೋ ಅಲ್ಲ. ‘ರೀ-ಅನಿಮೇಟರ್’ (1985) ಸರ್ಟಿಫಿಕೇಟ್ ಇಲ್ಲದ ಮೂಲ ಕಟ್ 86 ನಿಮಿಷ, ಎಲ್ಲಾ ಸೀನು ಕೂಡಿಸಿದ ‘ಇಂಟೆಗ್ರಲ್’ 105. ಕೂಡಿಸಿದ್ದು ಬರೇ ಮಾತುಕತಿ. ನಗಸಾಕ ಬೇಕಾದ ಓಟ ಅದರಾಗ ಇಲ್ಲ. 86ರದ್ದ ಸಿನಿಮಾ, 105ರದ್ದು ಒಮ್ಮೆ ನೋಡಿ ಇಡೂವಂಥಾದ್ದು. ಅದರ 2007ರ ಡಿವಿಡಿ ಜೋಡಿ ಸಿರಿಂಜಿನಾಕಾರದ ಹಸರು ಹೈಲೈಟರ್ ಪೆನ್ ಬರ್ತಿತ್ತು. ಪೆನ್ ಇಲ್ಲದ ಸೆಟ್ಟಿಗೆ ಪೂರ್ತಿ ಬೆಲಿ ಕೊಡಬ್ಯಾಡ.

ಇಲ್ಲೊಂದು ಲೆಕ್ಕ ಕಲಿ. ಯುರೋಪು, ಆಸ್ಟ್ರೇಲಿಯಾದ ಪಾಲ್ (ಅಲ್ಲಿನ ಟಿವಿ ಪದ್ಧತಿ) ಡಿವಿಡಿ ಸೆಕೆಂಡಿಗೆ 24 ಚಿತ್ರದ ಸಿನಿಮಾನ 25ಕ್ಕ ಓಡಸ್ತೈತಿ. 104 ನಿಮಿಷದ್ದು 100 ಅಂತ ತೋರಸಿದ್ರ ಕತ್ತರಿಸ್ಯಾರ ಅಂತ ಬೈಬ್ಯಾಡ, ಡಬ್ಬಿ ಮ್ಯಾಲಿನ ನಿಮಿಷಾನ 25ಲೆ ಗುಣಿಸಿ 24ಲೆ ಭಾಗಿಸು. ದನಿ ಮಾತ್ರ ಸ್ವಲ್ಪ ಕೀರಲು ಆಗ್ತೈತಿ. ಬ್ಲೂರೇದಾಗ 24ರದ್ದ 24ಕ್ಕ ಓಡತೈತಿ, ಹಂಗಾಗಿ ಈ ತ್ರಾಸು ಬರೂದು ಕಡಿಮಿ.

ರೀಜನ್ ವಿಚಾರ, ಅಂದ್ರ ಯಾವ ದೇಶದ ಡಿಸ್ಕ್ ಯಾವ ಪ್ಲೇಯರಿನ್ಯಾಗ ಓಡ್ತೈತಿ ಅನ್ನೂದು, ನಿನಗ ಅರ್ಧ ಗೊತ್ತೈತಿ. ಬ್ಲೂರೇಗೆ ನಮ್ಮ ದೇಶ ಸಿ, ಅಮೆರಿಕ ಎ, ಯುರೋಪ್ ಬಿ. ಡಿವಿಡಿಗೆ ನಮ್ಮದು 5. 4ಕೆ ಡಿಸ್ಕಿಗೆ ರೀಜನ್ ಇಲ್ಲ ಅಂತ ಖುಷಿಯಾಗಿ ತರಸ್ತಾರ. ಆದ್ರ ಸ್ಪೆಷಲ್ ಎಡಿಷನ್ನಿನ ಹೆಚ್ಚಿನ ಸಾಮಾನು, ಅಂದ್ರ ಸಂದರ್ಶನ, ಮೇಕಿಂಗ್, ತಗದು ಹಾಕಿದ ಸೀನು, ಅದರ ಜೋಡಿ ಬರೂ ಬ್ಲೂರೇದಾಗ ಇರ್ತೈತಿ, ಅದಕ್ಕ ರೀಜನ್ನಿನ ಕೀಲಿ ಇರಬಹುದು. ಪ್ಲೇಯರ್ ತಗೊಳ್ಳೂವಾಗನ ಡಿವಿಡಿಗೂ ಬ್ಲೂರೇಗೂ ಬ್ಯಾರೆ ಬ್ಯಾರೆ ಕೇಳು. ‘ರೀಜನ್ ಫ್ರೀ’ ಅಂತ ಮಾರೂವು ಎಷ್ಟೋ ಡಿವಿಡಿಗಷ್ಟ ಫ್ರೀ. ಕಂಪ್ಯೂಟರಿನ ಡ್ರೈವ್ ಡಿವಿಡಿ ರೀಜನ್ ಬದಲಿಸಾಕ ಐದ ಸಲ ಬಿಡ್ತೈತಿ, ಆಮ್ಯಾಲೆ ಕಡೀಕ ಇದ್ದದ್ದ ಖಾಯಂ.

ಡಬ್ಬಿ ಕೈಗೆ ಬಂದ ದಿನಾನ ಬಿಚ್ಚು. ಸೀಲ್ ಹಂಗ ಇದ್ರ ಬೆಲಿ ಬರ್ತೈತಿ ಅನ್ನಾವರ ಮಾತು ಕೇಳಬ್ಯಾಡ. ಬಿಗಿ ಪ್ಲಾಸ್ಟಿಕ್ ವರ್ಷಾನುಗಟ್ಟಲೆ ಜಗ್ಗಿ ರಟ್ಟಿನ ಹೊರಡಬ್ಬಿ ಬಾಗಸ್ತೈತಿ, ಒಳಗಿನ ಡಿಸ್ಕ್ ಕೆಟ್ಟಿದ್ರ ವಾಪಸ್ ಕೊಡೂ ಮುದತ್ ದಾಟಿ ಹೋಗಿರ್ತೈತಿ. ನಡುವಿನ ಗುಂಡಿ ಒತ್ತಿ ಡಿಸ್ಕ್ ಎಬ್ಬಿಸು, ಅಂಚು ಹಿಡದು ಬಾಗಿಸಿ ಎಳೀಬ್ಯಾಡ. ಡಿವಿಡಿ ಅಂದ್ರ 0.6 ಮಿಲಿಮೀಟರಿನ ಎರಡು ತಟ್ಟಿ ಅಂಟಿಸಿದ್ದು, ಬಾಗಿಸಿದ್ರ ಅಂಟು ಬಿಡ್ತೈತಿ, ಗಾಳಿ ಹೋಗಿ ಒಳಗಿನ ಅಲ್ಯೂಮಿನಿಯಂ ಕಪ್ಪಾಗ್ತೈತಿ. ಕೆಳಗಿನ ಮೈ ನೇರಳಿ ಬಣ್ಣ ಇದ್ರ ಅದು ಮನ್ಯಾಗ ಸುಟ್ಟ ನಕಲಿ. ಅಚ್ಚು ಹಾಕಿದ್ದು ಬೆಳ್ಳಿ ಇಲ್ಲಾ ಬಂಗಾರ ಬಣ್ಣ ಇರ್ತೈತಿ, ನಡುವಿನ ಕನ್ನಡಿ ಪಟ್ಟ್ಯಾಗ ಅಕ್ಷರ, ನಂಬರ್, ಬಹಳಷ್ಟರಾಗ ಐಎಫ್‌ಪಿಐ ಕೋಡ್ (ಅಚ್ಚು ಹಾಕಿದ ಕಾರ್ಖಾನಿಯ ಗುರುತು) ಕಾಣ್ತೈತಿ.

ನಿಮ್ಮ ಬೆಟಗೇರಿ ಗಾಳಿಗೆ ಧೂಳು ವೈರಿ, ನಮ್ಮ ಧಾರವಾಡದ ಮಳಿಗೆ ತಂಪು ವೈರಿ. ನೀನು ಮೊದಲ ಊದು, ಆಮ್ಯಾಲೆ ಒರಸು. ಧೂಳಿನ ಮ್ಯಾಲೆ ಬಟ್ಟಿ ಎಳದ್ರ ಗೀರು ಬಿತ್ತಂತ ತಿಳಿ. ಒರಸೂದು ನಡುವಿನಿಂದ ಅಂಚಿಗೆ ನೆಟ್ಟಗ, ಸುತ್ತ ಅಲ್ಲ. ಅಡ್ಡ ಬಿದ್ದ ಗೀರು ಪ್ಲೇಯರ್ ಸರಿ ಮಾಡ್ಕೋತೈತಿ, ಸುರುಳಿ ಗುಂಟ ಬಿದ್ದದ್ದು ಮಾಡ್ಕೋಳಂಗಿಲ್ಲ. ಇಲ್ಲೆ ಜೂನ್‌ನಿಂದ ಸ್ಟೀಲ್‌ಬುಕ್ ಅನ್ನೂ ತಗಡಿನ ಡಬ್ಬಿಗಳ ಅಂಚಿಗೆ ತುಕ್ಕು ಹಿಡೀತೈತಿ, ಮಳಿ ಬಡಿಯೂ ಗ್ವಾಡಿಗೆ ಕಪಾಟ ತಾಗಿಸಿ ಇಡಬಾರದು. ಸಿಲಿಕಾ ಜೆಲ್ ಪುಡಿಕಿ ಇಡು, ನೀಲಿದು ಗುಲಾಬಿ ಆತಂದ್ರ ಕುಡಿದು ಮುಗೀತು. ಡಾಂಬರ್ ಗುಳಿಗಿ ಮಾತ್ರ ಕಪಾಟದಾಗ ಹಾಕಬ್ಯಾಡ. ಅದರ ಹಬಿಗೆ ಹಳೇ ಪಾರದರ್ಶಕ ಸಿಡಿ ಡಬ್ಬಿಯ ಪ್ಲಾಸ್ಟಿಕ್ ಮೆತ್ತಗಾಗ್ತೈತಿ.

ಇಲ್ಲಿತನಾ ನೀ ಕೇಳಿದ್ದಕ್ಕ ಉತ್ತರ. ಇನ್ನ ಮುಂದಿಂದು ಕೇಳಲಾರದ್ದು.

ನಿನ್ನ ಯಾದ್ಯಾಗಿನ ಒಂದ ಸಾಲು ನನ್ನ ತಲ್ಯಾಗ ಕುಂತೈತಿ. ಕೊನಿಗೆ ಸಣ್ಣಗ ಬರದಿ: “ನಮ್ಮ ಕಡೆದು ಯಾವುದು?” ಹಿಂದಿ ದೆವ್ವದ ಸಿನಿಮಾ ಮಾಡಿದ ರಾಮ್ಸೇ ಸಹೋದರರದ್ದು ಅಂತ ಹೇಳೂಣು ಅಂದ್ರ, ‘ಪುರಾನಾ ಮಂದಿರ್’ (1984) ಈಗ ಬ್ಲೂರೇದಾಗ ಐತಿ, ನಗೆನಟ ಜಗದೀಪ್ ‘ಶೋಲೆ’ ಅಣಕ ಮಾಡೂ ಭಾಗ ಸಹಿತ. ಆದ್ರ ಅದನ್ನ 2023ರಾಗ ಪೆಟ್ಟಿಗಿ ಮಾಡಿ ತಂದದ್ದು ಹೊರದೇಶದ ಡಿಸ್ಕ್ ಕಂಪನಿ ಮೊಂಡೋ ಮಕಾಬ್ರೊ. ಮುಂಬೈದಾಗ ತಗದ ಸಿನಿಮಾ ಕಡಲು ದಾಟಿ ಹೋಗಿ ತೊಳಕೊಂಡು ತಿರುಗಿ ಬರಬೇಕು. ನಮ್ಮ ‘ಆಪ್ತಮಿತ್ರ’ (2004) ಯಾವುದರಿಂದ ಬಂತೋ ಆ ಮಲಯಾಳಂ ‘ಮಣಿಚಿತ್ರತಾಳ್’ 2024ರಾಗ 4ಕೆ ಆಗಿ ಮತ್ತ ಟಾಕೀಜಿಗೆ ಬಂತು. ಯಾರೋ ಅಲ್ಲೆ ಅದರ ರೀಲು ಕಾಯ್ದಿದ್ರು ಅಂತ ಅರ್ಥ.

ಕನ್ನಡದ್ದು? ನನ್ನ ಕಪಾಟದ ಕೆಳಗಿನ ಖಾನೆದಾಗ ವಿಸಿಡಿ, ಅಂದ್ರ ಸಿಡಿ ಮ್ಯಾಲಿನ ಸಿನಿಮಾ, ಅದಾವ. 2007ರ ಸುಮಾರು ಮೋಸರ್ ಬೇರ್ ಕಂಪನಿ ವಿಸಿಡಿಗೆ 28, ಡಿವಿಡಿಗೆ 34 ರೂಪಾಯಿ ಮಾಡಿದಾಗ ಬಾಡಗಿ ಅಂಗಡಿಗೋಳು ಎತ್ತಿ ಹಾಕಿದ ಮಾಲು ಅದರಾಗ ಎಷ್ಟೋ ಐತಿ. ದೆವ್ವದ ಹೆಸರಿನ್ಯಾಗ ಊರ ಗೌಡಾಗ ಹೆದರಸೂ ಸಿನಿಮಾ, ಕುಂಬಳಕಾಯಿ ಸಿನಿಮಾ, ಇಂಥಾವು. 352×288 ಚುಕ್ಕಿಯ ಚಿತ್ರ, ಅಕ್ಕಪಕ್ಕ ಕತ್ತರಿಸಿ ಹಳೇ ಟಿವಿಯ ನಾಕು-ಮೂರರ ಆಕಾರಕ್ಕ ಕೂಡ್ರಿಸಿದ್ದು, ಮೂಲ್ಯಾಗ ಕಂಪನಿ ಮುದ್ರಿ, ಡಿಸ್ಕ್ ತುಂಬಿದಲ್ಲೆ ಹಾಡಿನ ನಡುವ ಕಟ್. ಕಾಮೆಂಟ್ರಿ ಇಲ್ಲ, ಸಬ್‌ಟೈಟಲ್ ಇಲ್ಲ, ಎಷ್ಟೋ ಡಬ್ಬಿ ಮ್ಯಾಲೆ ಕ್ಯಾಮೆರಾ ಯಾರದು ಅಂತಾನೂ ಇಲ್ಲ.

ರಿಕ್ ಬೇಕರ್‌ಗೆ ‘ಆನ್ ಅಮೆರಿಕನ್ ವೇರ್‌ವೂಲ್ಫ್ ಇನ್ ಲಂಡನ್’ ತೋಳದ ಮೇಕಪ್ಪಿಗೆ ಆಸ್ಕರ್ ಬಂದದ್ದು, ‘ಈವಿಲ್ ಡೆಡ್’ 16 ಎಂಎಂ ಫಿಲ್ಮಿನ್ಯಾಗ ತಗದದ್ದು, ಅದನ್ನ ಅಗಲ ಪರದೆಗೆ ಮ್ಯಾಲೆ ಕೆಳಗ ಕತ್ತರಿಸಿದ ಪ್ರತಿ ಯಾವುದು ಅನ್ನೂದು, ಇವೆಲ್ಲಾ ನಿದ್ದ್ಯಾಗ ಎಬ್ಬಿಸಿ ಕೇಳಿದ್ರೂ ಹೇಳ್ತೀನಿ. ನಮ್ಮ ಭಾಷಾದ ದೆವ್ವಗೋಳ ಮುಖಕ್ಕ ಬಣ್ಣ ಹಚ್ಚಿದವರ ಒಂದ ಹೆಸರೂ ನನಗ ಬರಂಗಿಲ್ಲ. ಅವರು ಬದಕ್ಯಾರೋ ಇಲ್ಲೋ, ಹುಬ್ಬಳ್ಳ್ಯಾಗನ ಯಾರರ ಅದಾರೋ, ಯಾರನ್ನೂ ಕೇಳಿಲ್ಲ. ಬ್ಯಾರೆಯವರ ಸಿನಿಮಾ ಎಷ್ಟು ಚಂದಾಗಿ ಉಳದಾವ ಅಂತ ನೋಡೂದ್ರಾಗ ನನ್ನ ಕಣ್ಣು ತುಂಬಿ ಹೋಗೇತಿ, ದೋಸ್ತಾ. ಡಬ್ಬಿ ಬಂದಾಗ ಆಗೂ ಖುಷಿಯೊಳಗ ಈಗೀಗ ಒಂದು ತಳಮಳ ಸೇರೇತಿ: ಜಗತ್ತಿನ್ಯಾಗ ಸಾವಿರಾರು ಮಂದಿ ಕಾಯೂ ಡಿಸ್ಕಿಗೆ ನಾ ಇನ್ನೊಬ್ಬ ಕಾವಲುಗಾರ ಆಗೀನಿ, ಯಾರೂ ಕಾಯಲಾರದ್ದು ಕೆಳಗಿನ ಖಾನೆದಾಗ ಐತಿ. ಇಷ್ಟು ಬರೀಬೇಕಂತ ಇರಲಿಲ್ಲ. ಬರದಿದ್ದು ಇರ್ಲಿ.

ಅದಕ್ಕ ವಿಸಿಡಿ ಬಗ್ಗೆ ಪಕ್ಕಾ ತಿಳಕೋ, ಯಾಕಂದ್ರ ಅದು ಎಲ್ಲಾದಕ್ಕಿಂತ ನಾಜೂಕು. ಡಿವಿಡಿಯ ಬೆಳ್ಳಿ ಪದರು ಎರಡು ತಟ್ಟಿ ನಡುವ ಐತಿ; ವಿಸಿಡಿದು ಮ್ಯಾಲೇ ಐತಿ, ಲೇಬಲ್ಲಿನ ಕೆಳಗ, ತೆಳ್ಳನ ವಾರ್ನಿಶ್ ಅಷ್ಟ ಕಾವಲು. ಕೆಳಮೈ ಗೀರು ಉಜ್ಜಿ ಸರಿ ಮಾಡಬಹುದು, ಲೇಬಲ್ ಕಡೆ ಗೀರಿದ್ರ ಚಿತ್ರಾನ ಹೋತು. ಬಾಡಗಿ ಅಂಗಡಿಯವರು ನಂಬರಿನ ಚೀಟಿ ಅಂಟಿಸಿರ್ತಾರ ನೋಡು, ಅದನ್ನ ಕೀಳಬ್ಯಾಡ. ಚೀಟಿ ಜೋಡಿ ಬೆಳ್ಳೀನೂ ಎದ್ದು ಬರ್ತೈತಿ. ಬಾಲ್ ಪೆನ್ನಿಲೆ ಮ್ಯಾಲೆ ಬರೀಬ್ಯಾಡ. ಟ್ಯೂಬ್‌ಲೈಟಿಗೆ ಲೇಬಲ್ ಮಾಡಿ ಹಿಡದು ಕೆಳಗಿನಿಂದ ನೋಡು: ಅಲ್ಲೊಂದು ಇಲ್ಲೊಂದು ಸೂಜಿಮೊನಿ ಬೆಳಕು ಕಂಡ್ರ ಹೆದರಬ್ಯಾಡ, ಅಚ್ಚಿನಾಗಿಂದ ಹಂಗ ಬಂದಿರ್ತಾವ. ಅಂಚಿನಿಂದ ಒಳಗ ಗುಂಪು ಗುಂಪಾಗಿ ಬಂದಿದ್ರ ನಕಲು ತಗಿಯಾಕ ತಡಾ ಮಾಡಬ್ಯಾಡ.

ನಕಲು ತಗಿಯೂದಕ್ಕೂ ಪದ್ಧತಿ ಐತಿ. ಡಿಸ್ಕಿನ ‘ಎಂಪೆಗ್‌ಎವಿ’ ಫೋಲ್ಡರಿನಿಂದ ಸಿನಿಮಾದ ‘ಡ್ಯಾಟ್’ ಫೈಲ್ ಕಂಪ್ಯೂಟರಿಗೆ ಎಳದು ಹಾಕಿದ್ರ ಮೊದಲನೇ ಗೀರಿಗೇ ನಿಂತು ಬಿಡ್ತೈತಿ. ಸಾದಾ ಡಿಸ್ಕ್ ನಕಲು ಐಎಸ್‌ಒ ಮಾಡಿದ್ರ ಚಿತ್ರದ ಸೆಕ್ಟರ್ (ಡಿಸ್ಕಿನ ಸಣ್ಣ ತುಣುಕು) ಸರಿಯಾಗಿ ಕೂಡಂಗಿಲ್ಲ, ವಿಸಿಡಿದು ‘ಮೋಡ್ 2 ಫಾರ್ಮ್ 2’, ಜಾಗ ಉಳಸಾಕ ತಪ್ಪು ತಿದ್ದೂ ಒಂದು ಪದರು ಬಿಟ್ಟಾರ. ಡೇಟಾ ಸಿಡಿ ತಡಕೊಳ್ಳೂ ಗೀರಿಗೆ ವಿಸಿಡಿ ಚೌಕ ಚೌಕ ಆಗೂದು ಇದಕ್ಕ. ಪೂರಾ ಡಿಸ್ಕ್ ಇದ್ದಂಗ ಇಳಸೂ ‘ಬಿನ್-ಕ್ಯೂ’ ಇಮೇಜ್ ಮಾಡು, ವೇಗ 8ಎಕ್ಸ್ ಮೀರಬ್ಯಾಡ. ಒಂದು ಡ್ರೈವಿಗೆ ಓದಾಕ ಬರಲಾರದ್ದು ಇನ್ನೊಂದಕ್ಕ ಬರ್ತೈತಿ, ಬ್ಯಾರೆ ಕಂಪನಿಯ ಹಳೇ ಡ್ರೈವ್ ಎರಡು ಇರ್ಲಿ. ಡಬ್ಬಿಯ ಚೀಟಿ ಎರಡೂ ಮೈ ಸ್ಕ್ಯಾನ್ ಮಾಡು. ಟೈಟಲ್ ಕಾರ್ಡ್ ಬರೂವಾಗ ನಿಲ್ಲಿಸಿ ಎಲ್ಲಾ ಹೆಸರು ಬರದಿಡು, ಮೇಕಪ್ಪಿನವರದು ಮೊದಲ. ಇದು ಹಂಚಾಕ ಅಲ್ಲ, ಉಳಸಾಕ.

ಸಾಕು, ಭಾಳ ಗಂಭೀರ ಆತು. ಹುಬ್ಬಳ್ಳ್ಯಾಗ ಗುಜರಿ ಕಡೆ ಹೋದ್ರ ಚೀಲದಗಟ್ಟಲೆ ವಿಸಿಡಿ ಸಿಗ್ತಾವ, ಆರಿಸೂದು ನೀ ಬಂದ ಮ್ಯಾಲೆ. ನಿನ್ನ ಹಂತ್ಯಾಕ ಇರೂ ಮೂರು ಡಿಸ್ಕಿನ ಡಬ್ಬಿ ತಾ, ಬಸ್ಸಿನ್ಯಾಗ ಕಿಟಕಿ ಬಾಜೂ ಬಿಸಿಲಿಗೆ ಇಡಬ್ಯಾಡ. ಮಿರ್ಚಿ ಗಿರಮಿಟ್ಟು ನಾ ತರಸ್ತೀನಿ. ತಿಂದ ಕೈಲೆ ಡಿಸ್ಕ್ ಮುಟ್ಟಿದಿ ಅಂದ್ರ ಚಹಾ ಸಿಗಂಗಿಲ್ಲ.

ನಿನ್ನ
ಧಾರವಾಡದಾಂವ